ಮಾಟಗಾತಿಗೆ ಮೂರು ಬಿಸ್ಕತ್ತು

ಕಾರ್ಟೂನ್ ಸಿನಿಮಾದಲ್ಲಿ ಮಾಟಗಾತಿ ನಕ್ಕರೆ ಮಕ್ಕಳು ಅಮ್ಮನ ಬೆನ್ನ ಹಿಂದೆ ಅವಿತುಕೊಳ್ಳುತ್ತಾರಲ್ಲ... ಕನ್ನಡದಲ್ಲಿ ಆ ನಗು ವಾರಿಜಮ್ಮನದು.

ಇಪ್ಪತ್ತು ವರ್ಷದಿಂದ ಡಬ್ಬಿಂಗ್ ಕೆಲಸ. ರಾಣಿಯ ಪಾತ್ರ ಒಮ್ಮೆಯೂ ಸಿಗಲಿಲ್ಲ. "ನಿಮ್ ಗಂಟಲಿಗೆ ಮಾಟಗಾತೀನೇ ಸರಿ ಮೇಡಂ" ಅನ್ನುತ್ತಿದ್ದರು ಸ್ಟುಡಿಯೋದವರು.

ಅಂದು ಸಂಜೆ ಅಪಾರ್ಟ್‌ಮೆಂಟಿನ ಮಕ್ಕಳು ಮೆಟ್ಟಿಲ ಮೇಲೆ ಅವರನ್ನು ಮುತ್ತಿಕೊಂಡರು.

"ಆಂಟಿ, ಹೊಸ ಸಿನಿಮಾದ ಶಾಪ ಹೇಳಿ... ಒಂದೇ ಒಂದ್ಸಲ."

ಅಷ್ಟರಲ್ಲಿ ಕೆಳಗಿನ ಮಹಡಿಯ ಶರ್ಮಿಳಾ ತರಕಾರಿ ಚೀಲ ಹಿಡಿದು ಬಂದಳು. ವಾರಿಜಮ್ಮ ತಮಾಷೆಗೆ ಅವಳತ್ತಲೇ ಬೆರಳು ಚಾಚಿದರು...

"ಮಲಗು ರಾಣಿ... ನಾನು ಕರೆಯುವ ತನಕ ಏಳಬೇಡ..."

ಎಲ್ಲರೂ ನಕ್ಕರು. "ಹಾಗಾದ್ರೂ ನಿದ್ದೆ ಬಂದ್ರೆ ಸಾಕು ಆಂಟಿ" ಎಂದು ಶರ್ಮಿಳಾಳೂ ನಕ್ಕಳು.

ನಗದೆ ನಿಂತವಳು ಒಬ್ಬಳೇ. ಶರ್ಮಿಳಾಳ ಆರು ವರ್ಷದ ಮಗಳು ಧೃತಿ.

ಮರುದಿನ ಭಾನುವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲಿನ ಕೆಳಭಾಗದಲ್ಲಿ ಯಾರೋ ಮೆಲ್ಲಗೆ ತಟ್ಟಿದ ಸದ್ದು...

ವಾರಿಜಮ್ಮ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಲೇ ಬಾಗಿಲು ತೆರೆದರು. ಧೃತಿ ನಿಂತಿದ್ದಳು. ಕೆದರಿದ ಕೂದಲು, ಕೈಯಲ್ಲಿ ಮೂರು ಬಿಸ್ಕತ್ತು. ಕಾಲು ನಡುಗುತ್ತಿತ್ತು.

"ತಗೊಳ್ಳಿ. ಇಷ್ಟೇ ಇತ್ತು."

"ನಂಗ್ಯಾಕೆ ಪುಟ್ಟಿ?"

"ಮಾಟಗಾತಿಗೆ ಯಾರೂ ತಿನ್ನೋಕೆ ಕೊಡಲ್ವಲ್ಲ... ಅದಕ್ಕೇ ಅವಳಿಗೆ ಸಿಟ್ಟು. ನೀವು ತಿನ್ನಿ. ಆಮೇಲೆ ಅಮ್ಮನ್ನ ಕರೀರಿ."

ವಾರಿಜಮ್ಮನಿಗೆ ನಗು ಬಂತು. "ಭಾನುವಾರ ಅಂತ ಮಲ್ಗಿದಾಳೆ ಕಣೇ. ಅವಳೇ ಏಳ್ತಾಳೆ, ಹೋಗು" ಎಂದು ಬಾಗಿಲನ್ನು ಅರ್ಧ ಮುಚ್ಚಿಯೂ ಬಿಟ್ಟರು...

ಮಗು ಅಳಲಿಲ್ಲ. ಬಿಸ್ಕತ್ತುಗಳನ್ನು ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿತು.

"ಎಷ್ಟ್ ಅಲ್ಲಾಡಿಸಿದ್ರೂ ಏಳ್ತಿಲ್ಲ. ಇಂಜೆಕ್ಷನ್ ತಗೊಂಡ್ಲು, ತಿಂಡಿ ತಿನ್ಲಿಲ್ಲ. ಮೈಯೆಲ್ಲಾ ಬೆವರು... ಆದ್ರೆ ತಣ್ಣಗಿದೆ."

ವಾರಿಜಮ್ಮ ತಂಗಿಯ ಫೋನ್ ಕಟ್ ಮಾಡಿದರು. ಶರ್ಮಿಳಾಳಿಗೆ ಸಕ್ಕರೆ ಕಾಯಿಲೆ ಇರುವುದು ವಾರಿಜಮ್ಮನಿಗೆ ಗೊತ್ತಿತ್ತು. ಗಂಡ ಕೆಲಸದ ಮೇಲೆ ದಾವಣಗೆರೆಗೆ ಹೋಗಿರುವುದೂ ಗೊತ್ತಿತ್ತು.

ಕೆಳಗೆ ಓಡಿದರು. ಮನೆ ಬಾಗಿಲು ತೆರೆದೇ ಇತ್ತು. ಟಿವಿಯಲ್ಲಿ ಅದೇ ಮಾಟಗಾತಿಯ ಸಿನಿಮಾ ಅರ್ಧಕ್ಕೆ ನಿಂತಿತ್ತು... ಪರದೆಯ ಮೇಲೆ ರಾಣಿ ಕಣ್ಣು ಮುಚ್ಚಿ ಮಲಗಿದ್ದಳು.

ಒಳಗಿನ ಮಂಚದ ಮೇಲೆ ಶರ್ಮಿಳಾ. ಥೇಟ್ ಹಾಗೆಯೇ. ಕೂಗಿದರು, ಕೆನ್ನೆ ತಟ್ಟಿದರು... ಏಳಲಿಲ್ಲ.

ತಕ್ಷಣ 108 ಒತ್ತಿದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರ್, "ಇನ್ಸುಲಿನ್ ತಗೊಂಡು ತಿಂಡಿ ತಿನ್ನದೆ ಶುಗರ್ ಪೂರ್ತಿ ಇಳಿದುಹೋಗಿದೆ. ಇನ್ನರ್ಧ ಗಂಟೆ ತಡ ಆಗಿದ್ರೆ..." ಎಂದವರು, ಮಗುವನ್ನು ನೋಡಿ ಮಾತು ನಿಲ್ಲಿಸಿದರು.

ಧೃತಿ ವಾರಿಜಮ್ಮನ ಸೀರೆ ಜಗ್ಗಿದಳು. "ಈಗಾದ್ರೂ ಕರೀರಿ ಆಂಟಿ."

ಅವರು ಶರ್ಮಿಳಾಳ ಕಿವಿಯ ಹತ್ತಿರ ಬಗ್ಗಿದರು. ಇಪ್ಪತ್ತು ವರ್ಷ ಅನ್ನ ಹಾಕಿದ ಆ ದನಿ ಬರಲೇ ಇಲ್ಲ. ಬಂದದ್ದು ಒಡೆದ ದನಿ...

"ಏಳು ರಾಣಿ... ನಾನೇ ಕರೀತಿದೀನಿ. ಏಳಮ್ಮಾ..."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ರೆಪ್ಪೆ ಅಲುಗಿತು...

ಗ್ಲೂಕೋಸ್ ಕೆಲಸ ಮಾಡಿತು ಅಂದರು ಡಾಕ್ಟರ್. ಧೃತಿ ಅವರನ್ನು ಪಾಪ ಅನ್ನುವಂತೆ ನೋಡಿದಳು.

"ನನ್ನ ಕಂಡ್ರೆ ಅಷ್ಟೊಂದ್ ಹೆದರ್ತೀಯಲ್ಲ ಪುಟ್ಟಿ... ಒಬ್ಳೇ ಹೇಗ್ ಬಂದೆ?" ಕೇಳಿದರು ವಾರಿಜಮ್ಮ.

"ಮೂರ್ ಸಲ ಅರ್ಧ ಮೆಟ್ಲು ಹತ್ತಿ ವಾಪಸ್ ಓಡಿದೆ. ನಾಲ್ಕನೇ ಸಲ ಕಣ್ ಮುಚ್ಕೊಂಡ್ ಬಂದೆ."

ಸಂಜೆ ವಾರಿಜಮ್ಮ ಮನೆಗೆ ಮರಳಿದಾಗ ಮೂರು ಬಿಸ್ಕತ್ತು ಹೊಸ್ತಿಲ ಮೇಲೆ ಹಾಗೇ ಇದ್ದವು. ಒಂದಕ್ಕೆ ಇರುವೆ ಮುತ್ತಿತ್ತು. ಊದಿ ಇರುವೆ ಸರಿಸಿ, ಅಲ್ಲೇ ಕೂತು ಮೂರನ್ನೂ ತಿಂದರು... ಕಣ್ಣೀರು ಒರೆಸಿಕೊಳ್ಳದೆ.

*ನಡುಗುವ ಕಾಲಲ್ಲೇ ಮೆಟ್ಟಿಲು ಹತ್ತಿಸುವುದು ಪ್ರೀತಿ... ಶಾಪ ಮುರಿಯುವ ಮಂತ್ರ ಅದೊಂದೇ.*

ಮಗು ಹೇಳುವ "ಕಥೆ"ಗೆ ನಕ್ಕು, ನಾವು ಅರ್ಧ ಮುಚ್ಚಿದ ಬಾಗಿಲುಗಳು ಎಷ್ಟಿರಬಹುದು?