‘ಕೈ’ಗೂ ‘ಕೊಟ್ಟಿತು’ಗೂ ನಡುವೆ

ಎಡಗಣ್ಣಿಗೆ ಇದ್ದಕ್ಕಿದ್ದಂತೆ ಕತ್ತಲೆ ಕವಿದ ಟೈಲರಮ್ಮನನ್ನು ಆಸ್ಪತ್ರೆಯ ಬಾಗಿಲಲ್ಲಿದ್ದ ಅನುವಾದದ ಪೆಟ್ಟಿಗೆ ಮೂಳೆ ವಿಭಾಗಕ್ಕೆ ಕಳಿಸಿತ್ತು. ಅದು ಕೊಟ್ಟ ಚೀಟಿ ಹಿಡಿದು ಅವಳು ಮೂರು ಗಂಟೆ ಬೆಂಚಿನ ಮೇಲೆ ಕಾದಳು. ಕೊನೆಗೆ ಮೂಳೆ ಡಾಕ್ಟರು ಎರಡೂ ಕೈ ಮಡಚಿ, ಬಿಡಿಸಿ, ಏನೂ ತೋಚದೆ ಅವಳ ಮುಖ ನೋಡಿದಾಗಲೇ ತಪ್ಪು ತಿಳಿದದ್ದು. ಅಷ್ಟರಲ್ಲಿ ಕಣ್ಣೊಳಗಿನ ಪರದೆ ಇನ್ನಷ್ಟು ಕಳಚಿಕೊಂಡಿತ್ತು. ಅವಸರದಲ್ಲಿ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ, ಪೆಟ್ಟಿಗೆ ತಯಾರಿಸಿದ ಕಚೇರಿಗೆ ದೂರು ಬಂತು.

ದೂರಿನ ಜೊತೆ ಅವಳು ಪೆಟ್ಟಿಗೆಯ ಮುಂದೆ ಆಡಿದ ಮಾತೂ ಇತ್ತು: “ಈ ಎಡಗಣ್ಣು ಕೈ ಹೀಗೆ ಒಂದೇ ಸಲ ಕೊಡುತ್ತೆ ಅಂದ್ಕೊಂಡಿರ್ಲಿಲ್ಲ.” ಕಚೇರಿಯಲ್ಲಿ ಎಲ್ಲರೂ ವ್ಯಾಕರಣಮ್ಮ ಎಂದು ಕರೆಯುವ ಹೆಂಗಸು ಆ ಸಾಲು ಓದಿ ತನ್ನ ನಿಯಮಗಳ ಕಡತ ತೆರೆದಳು. ಪೆಟ್ಟಿಗೆಗೆ ಸ್ವಂತ ಬುದ್ಧಿ ಇರಲಿಲ್ಲ. ಅವಳು ಬರೆದಿಟ್ಟ ನಿಯಮಗಳಂತೆಯೇ ಜನರ ಮಾತನ್ನು ಅದು ಕನ್ನಡ ಬಾರದ ಡಾಕ್ಟರುಗಳ ಭಾಷೆಗೆ ತಿರುಗಿಸುತ್ತಿತ್ತು. ‘ಕೈ’, ‘ಕೊಟ್ಟಿತು’ ಅಕ್ಕಪಕ್ಕ ಬಂದರೆ ‘ಕೆಟ್ಟಿತು’ ಅಥವಾ ‘ಮೋಸ ಮಾಡಿತು’ ಎಂದು ತಿಳಿ ಅನ್ನುವ ನಿಯಮವೂ ಅವಳದೇ. ನಡುವೆ ಬೇರೆ ಮಾತು ನುಗ್ಗಿದರೆ ಏನು ಮಾಡಬೇಕೆಂದು ಅವಳು ಬರೆದಿರಲಿಲ್ಲ. ಪೆಟ್ಟಿಗೆ ಕಣ್ಣನ್ನು ಬಿಟ್ಟು ಕೈಯನ್ನು ಹಿಡಿದುಕೊಂಡಿತ್ತು.

“ಆ ಒಂದು ವಾಕ್ಯ ಸೇರಿಸಿ ಕೈ ತೊಳ್ಕೊಳಿ ಮೇಡಂ,” ಎಂದರು ಮೇಲಧಿಕಾರಿ.

“ನಾಳೆ ಇನ್ನೊಬ್ಬರು ‘ಮೊಣಕಾಲು ಕೈ ನಿನ್ನೆಯಿಂದ ಕೊಟ್ಟಿದೆ’ ಅಂತಾರೆ. ಜನ ನನ್ನ ಕೇಳಿ ಮಾತಾಡ್ತಾರಾ ಸಾರ್?”

“ಹಾಗಾದ್ರೆ ಪೆಟ್ಟಿಗೇನೇ ವಾಪಸ್ ತರಿಸ್ತೀನಿ. ಮರ್ಯಾದೆ ಉಳಿಯುತ್ತೆ.”

“ಅಲ್ಲಿಗೆ ಬರೋರ ಮಾತು ಆಮೇಲೆ ಯಾರಿಗೆ ಅರ್ಥ ಆಗುತ್ತೆ? ಸೋಮವಾರದ ತನಕ ಟೈಮ್ ಕೊಡಿ. ಆಗ್ಲೂ ತಪ್ಪಿದ್ರೆ ನಾನೇ ಹೊತ್ಕೊಂಡು ಬರ್ತೀನಿ.”

ಮಧ್ಯಾಹ್ನದ ಹೊತ್ತಿಗೆ ಹೊಸ ನಿಯಮ ಸಿದ್ಧವಾಯಿತು: ನಡುವೆ ಎಷ್ಟೇ ಮಾತು ಬಂದರೂ ‘ಕೈ’ಯನ್ನೂ ‘ಕೊಟ್ಟಿತು’ವನ್ನೂ ಜೋಡಿಸಿ ನೋಡು. ಟೈಲರಮ್ಮನ ಮಾತು ಸರಿಯಾಗಿಯೇ ಹೊರಬಂತು. ಆದರೆ ಪರೀಕ್ಷೆಗೆಂದು ಇಟ್ಟಿದ್ದ ಹಳೆಯ ವಾಕ್ಯಗಳನ್ನೂ ಒಮ್ಮೆ ಓಡಿಸಿದಾಗ, ‘ನರ್ಸಮ್ಮ ಕೈ ಮೆಲ್ಲಗೆ ಕೊಟ್ಟು ಎಬ್ಬಿಸಿದರು’ ಎಂಬ ಮಾತಿಗೆ ‘ನರ್ಸಮ್ಮ ಮೆಲ್ಲಗೆ ಮೋಸ ಮಾಡಿ ಎಬ್ಬಿಸಿದರು’ ಎಂಬ ಅರ್ಥ ಬಂದಿತ್ತು. ಪಕ್ಕದ ಮೇಜಿನವರು ಬಿದ್ದು ಬಿದ್ದು ನಕ್ಕರು. ಅವಳಿಗೆ ನಗು ಬರಲಿಲ್ಲ. ಚೀಲ ಹೆಗಲಿಗೇರಿಸಿ ನೇರ ಆಸ್ಪತ್ರೆಗೆ ನಡೆದಳು.

ಟೈಲರಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಗ್ಗುಲಾಗಿ ಮಲಗಿದ್ದಳು.

“ಅಮ್ಮಾ, ಆ ಪೆಟ್ಟಿಗೆಗೆ ಮಾತು ಕಲಿಸಿದವಳು ನಾನು. ತಪ್ಪಾಯ್ತು.”

ಟೈಲರಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು: “ಅದಕ್ಕೆ ನನ್ನ ಮಾತು ಅರ್ಥ ಆಗಿರ್ಲಿಲ್ಲ ಅಲ್ವಾ?”

“ಆಗಿರ್ಲಿಲ್ಲ.”

“ಮತ್ತೆ ಎಲ್ಲಾ ಗೊತ್ತಿರೋ ಹಾಗೆ ಚೀಟಿ ಯಾಕೆ ಹರಿದು ಕೊಡ್ತು? ನಲವತ್ತು ವರ್ಷ ಬಟ್ಟೆ ಹೊಲಿದಿದೀನಿ. ಅಳತೇಲಿ ಅನುಮಾನ ಬಂದ್ರೆ ಕತ್ತರಿ ಕೆಳಗಿಟ್ಟು ಇನ್ನೊಂದ್ಸಲ ಕೇಳ್ತೀನಿ. ಕೇಳಿದ್ರೆ ಏನು ಗಂಟು ಹೋಗುತ್ತಮ್ಮ?”

ವ್ಯಾಕರಣಮ್ಮನಿಗೆ ಚುರುಕ್ಕೆಂದಿತು. ಅವಳು ಬರೆದ ಸಾವಿರಾರು ನಿಯಮಗಳಲ್ಲಿ ‘ನನಗೆ ಗೊತ್ತಾಗಲಿಲ್ಲ’ ಎನ್ನುವ ನಿಯಮ ಒಂದೂ ಇರಲಿಲ್ಲ.

ಶನಿವಾರ, ಭಾನುವಾರ ಎರಡೂ ದಿನ ಅವಳು ಕಚೇರಿಯಲ್ಲೇ ಕೂತು ನಿಯಮ ಮತ್ತೆ ಬರೆದಳು. ಕೈ ಕೊಟ್ಟದ್ದು ಯಾರು ಎಂದು ಮೊದಲು ನೋಡು. ಕಣ್ಣೋ ಕಾಲೋ ಆದರೆ ಅದು ಕೆಟ್ಟಿದೆ. ಮನುಷ್ಯರಾಗಿದ್ದು, ಮುಂದೆ ‘ಎಬ್ಬಿಸಿದರು’, ‘ನಡೆಸಿದರು’ ಅಂತಿದ್ದರೆ ಅದು ನಿಜವಾದ ಕೈ. ಎರಡೂ ಅಲ್ಲವಾದರೆ ಚೀಟಿ ಕೊಡಬೇಡ, ಹೇಳಿದವರನ್ನೇ ಕೇಳು. ‘ಬಾಯಿ ಬಿಡು’, ‘ತಲೆ ತಿನ್ನು’, ‘ಕಣ್ಣು ಮುಚ್ಚು’ ಎಂಬಂಥ ಮುನ್ನೂರಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಎಳೆದು, ನಡುವೆ ಮಾತು ತೂರಿಸಿ ಪರೀಕ್ಷಿಸಿದಳು.

“ಹೀಗೆ ಪ್ರಶ್ನೆ ಕೇಳ್ತಾ ಕೂತ್ರೆ ಸಾಲು ಬಾಗಿಲಾಚೆ ಹೋಗುತ್ತೆ,” ಎಂದರು ಮೇಲಧಿಕಾರಿ, ಸೋಮವಾರ ಬೆಳಿಗ್ಗೆ.

“ಹೋಗ್ಲಿ ಸಾರ್. ಜನ ತಪ್ಪು ಬಾಗಿಲಿಗೆ ಹೋಗೋದಕ್ಕಿಂತ ವಾಸಿ.”

ಅವರು ಅರೆಮನಸ್ಸಿನಿಂದ ಸಹಿ ಹಾಕಿದರು. ಅವಳು ತಾನೇ ಆಸ್ಪತ್ರೆಗೆ ಹೋಗಿ ಪೆಟ್ಟಿಗೆಗೆ ಹೊಸ ನಿಯಮ ತುಂಬಿ, ಮೊದಲು ಕಣ್ಣಿನ ವಾರ್ಡಿಗೆ ಇಣುಕಿದಳು. ಎಡಗಣ್ಣಿಗೆ ಬೆಳಕು ತಿಳಿಯುತ್ತಿದೆ, ಸೂಜಿಗೆ ದಾರ ಪೋಣಿಸುವಷ್ಟು ನೋಟ ಬರುವುದು ಅನುಮಾನ ಎಂದರು ನರ್ಸು. ತುಟಿ ಕಚ್ಚಿಕೊಂಡು ಮರಳಿ ಬಂದು ಅವಳು ಪೆಟ್ಟಿಗೆಯ ಪಕ್ಕ ನಿಂತಳು.

ಒಂಬತ್ತು ಜನರಿಗೆ ಚೀಟಿ ಸರಿಯಾಗಿ ಬಂತು. ಹತ್ತನೆಯವಳು ಊದಿದ ಮೊಣಕೈಯನ್ನು ಎದೆಗೊತ್ತಿ ಹಿಡಿದಿದ್ದಳು. ಬೆನ್ನಿಗೆ ಅಂಟಿದಂತೆ ಗಂಡ.

“ಮೆಟ್ಟಿಲಲ್ಲಿ ಜಾರಿದೆ,” ಎಂದಳು ಅವಳು ಪೆಟ್ಟಿಗೆಗೆ. “ಆಗ ಇವ್ರು ಕೈ ಸರಿಯಾಗಿ ಕೊಟ್ರು.”

ಪೆಟ್ಟಿಗೆ ಚೀಟಿ ಕೊಡಲಿಲ್ಲ. ಒಂದು ಗಳಿಗೆ ಬಿಟ್ಟು ಕೇಳಿತು: “ಅವರು ನಿಮ್ಮನ್ನು ಬೀಳದಂತೆ ಹಿಡಿದರೇ, ಇಲ್ಲವೇ?”

ಹೆಂಗಸು ತಲೆ ತಗ್ಗಿಸಿದಳು. ಗಂಡ ಅವಳ ಹೆಗಲ ಮೇಲಿಂದ ಬಾಗಿ, “ಹಿಡಿದೆ, ಹಿಡಿದೆ. ಚೀಟಿ ಕೊಡು,” ಎಂದ.

ವ್ಯಾಕರಣಮ್ಮ ಇಬ್ಬರ ನಡುವೆ ಬಂದು ನಿಂತಳು.

“ಸ್ವಲ್ಪ ಹಿಂದೆ ಹೋಗಿ ಸ್ವಾಮಿ,” ಎಂದಳು. “ಅದು ಕೇಳಿದ್ದು ಈ ಅಕ್ಕನ್ನ.”