ಧೂಪದ ಪಾಠ

"ಇನ್ನೂ ಹತ್ರ ಹೋಗ್ರೀ ಮೇಷ್ಟ್ರೇ. ಅವಳು ಗೇರ್ ಹಾಕೋದು ಕಾಣ್ಬೇಕು ನಂಗೆ," ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

ಸಾಹೇಬರ ಜೀಪು ಓಡಿಸುತ್ತಿದ್ದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಬೆವರು ಕಿತ್ತುಕೊಂಡು ಬಂತು. ಮುಂದೆ ಹೋಗುತ್ತಿದ್ದುದು ಅವರದೇ ಸ್ಕೂಲಿನ ಹಳೇ ಡೀಸೆಲ್ ಕಾರು. ಓಡಿಸುತ್ತಿದ್ದವಳು ಅವರದೇ ಶಿಷ್ಯೆ, ಟೈಲರ್ ಅಂಗಡಿಯ ಹುಡುಗಿ. ಇವತ್ತು ಅವಳ ಲೈಸೆನ್ಸ್ ಪರೀಕ್ಷೆ. ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುವುದು ಈ ಸಾಹೇಬರ ಜಾಯಮಾನವಲ್ಲ. "ನಾನು ಪಕ್ಕದಲ್ಲಿದ್ರೆ ಎಲ್ರೂ ಹಸು ಥರ ಓಡಿಸ್ತಾರೆ. ಯಾರೂ ನೋಡ್ತಿಲ್ಲ ಅಂದಾಗ ಹೆಂಗೆ ಓಡಿಸ್ತಾರೋ ಅದು ಡ್ರೈವಿಂಗು," ಎನ್ನುವವರು. ಗೋಡೌನುಗಳ ಸುತ್ತ ಒಂದು ರೌಂಡು ಹಾಕಿ ಬಾ, ನಾನು ಇಲ್ಲೇ ಇರ್ತೀನಿ ಎಂದು ಅವಳನ್ನು ಕಳಿಸಿ, ಕಾರು ತಿರುವು ದಾಟುತ್ತಲೇ ಜೀಪಿನ ಕೀಲಿ ಮೇಷ್ಟ್ರ ಕೈಗಿಟ್ಟು ಅವಳ ಬೆನ್ನು ಹತ್ತಿದ್ದರು.

ಸಾಹೇಬರ ತೊಡೆಯ ಮೇಲೆ ಎರಡು ಕಾಗದ. ಒಂದು ಹುಡುಗಿಯ ಪರೀಕ್ಷೆಯದು. ಇನ್ನೊಂದು ಮೇಷ್ಟ್ರ ಸ್ಕೂಲಿನ ಪರವಾನಗಿ ನವೀಕರಣದ್ದು. ಅದಕ್ಕೆ ಇವತ್ತು ಸಹಿ ಬೀಳದಿದ್ದರೆ ನಾಳೆಯಿಂದ ಸ್ಕೂಲಿನ ಶಟರ್ ಎಳೆಯುವುದೇ.

ಹುಡುಗಿ ಹೆದರಿ ತಪ್ಪು ಮಾಡುತ್ತಾಳೆ ಎಂಬ ಭಯ ಮೇಷ್ಟ್ರಿಗಿರಲಿಲ್ಲ. ಹೆದರದೆ ಸರಿಯಾಗಿ ಮಾಡಿಬಿಟ್ಟರೆ ಏನು ಗತಿ ಎಂಬುದೇ ಭಯ. ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪಾಠವನ್ನು ಅವರು ಪ್ರತಿ ಬ್ಯಾಚಿಗೂ ಕೊನೇ ದಿನ ಕಲಿಸುತ್ತಿದ್ದರು: ಬಾಲಕ್ಕೆ ಅಂಟಿಕೊಂಡು ಬರುವವರಿಗೆ ಕರಿಹೊಗೆಯ ಧೂಪ ಹಾಕುವ ಪಾಠ. ವೇಗ ಇಳಿಸು, ಗೇರ್ ಮಾತ್ರ ಮೂರರಲ್ಲೇ ಇರಲಿ, ಆಮೇಲೆ ಆಕ್ಸಿಲರೇಟರನ್ನು ಒಂದೇ ಸಲಕ್ಕೆ ನೆಲ ಮುಟ್ಟಿಸು. ಉಳಿದದ್ದನ್ನು ಹಳೇ ಡೀಸೆಲ್ ಗಾಡಿ ನೋಡಿಕೊಳ್ಳುತ್ತೆ. "ಬೈಯೋದು, ಜಗಳಕ್ಕೆ ಇಳಿಯೋದು ಮರ್ಯಾದಸ್ಥರ ಕೆಲಸ ಅಲ್ಲ. ಆದ್ರೆ ಹಾರ್ನ್ ಹೊಡೆದ್ರೆ ಡಬಲ್ ಡೋಸು," ಎಂಬುದು ಅವರ ಬ್ರಹ್ಮವಾಕ್ಯ. ಹೆಚ್ಚಿನವರ ಕೈಯಲ್ಲಿ ಎಂಜಿನ್ ಗಕ್ಕನೆ ಆಫ್ ಆಗುತ್ತಿತ್ತು. ಹನ್ನೆರಡು ವರ್ಷ ಹೊಲಿಗೆ ಮಷಿನ್ ತುಳಿದು ಪಳಗಿದ ಈ ಹುಡುಗಿಯ ಕಾಲು ಮಾತ್ರ ಮೊದಲ ಸಲವೇ ಗೆದ್ದಿತ್ತು. ಅವತ್ತು ಚಪ್ಪಾಳೆ ತಟ್ಟಿದ್ದು ಸ್ವತಃ ಮೇಷ್ಟ್ರೇ.

"ಸಾರ್, ಸ್ವಲ್ಪ ಗ್ಯಾಪ್ ಬಿಡೋಣ. ರೂಲ್ಸ್ ಪ್ರಕಾರ..."

"ನಂಗೇ ರೂಲ್ಸ್ ಹೇಳ್ತೀರೇನ್ರೀ? ಹೋಗ್ರಿ ಹತ್ರ."

ಮೇಷ್ಟ್ರು ಹೋದರು. ಮುಂದಿನ ಕಾರಿನ ಬ್ರೇಕ್ ಲೈಟು ಮಿನುಗಿ, ವೇಗ ಇಳಿಯಿತು.

"ನೋಡಿ, ಹಿಂದಿನ ಗಾಡಿಗೆ ದಾರಿ ಬಿಡೋಕೆ ಸ್ಲೋ ಮಾಡ್ತಿದ್ದಾಳೆ. ಎಂಥಾ ಸಂಸ್ಕಾರ," ಎಂದು ಸಾಹೇಬರು ತಲೆದೂಗಿದರು.

"ಸಾರ್, ಕಿಟಕಿ ಗಾಜು ಏರಿಸ್ಕೊಂಡ್ರೆ ಒಳ್ಳೇದು."

"ಯಾಕೆ, ಗಾಳಿ ಚೆನ್ನಾಗಿ ಬರ್ತಿದೆ. ಒಂದು ಹಾರ್ನ್ ಹೊಡೀರಿ, ಗಾಬರಿ ಬೀಳ್ತಾಳಾ ನೋಡೋಣ."

"ಹಾರ್ನ್ ಮಾತ್ರ ಬೇಡ ಸಾರ್."

"ಯಾಕ್ರೀ?"

ಸಾಹೇಬರೇ ಕೈ ಚಾಚಿ ಹಾರ್ನ್ ಒತ್ತಿದರು, ಅದೂ ಉದ್ದಕ್ಕೆ.

ಮೊದಲು ರಸ್ತೆ ಮಾಯವಾಯಿತು. ಆಮೇಲೆ ಮುಂದಿನ ಕಾರು. ಆಮೇಲೆ ಪಕ್ಕದ ಸೀಟಿನ ಸಾಹೇಬರು. ಮೇಷ್ಟ್ರು ಉಸಿರು ಬಿಗಿಹಿಡಿದು ಬ್ರೇಕ್ ತುಳಿದು ಕಾದರು, ಯಾಕೆಂದರೆ ಹಾರ್ನಿನ ಡೋಸು ಇನ್ನೂ ಬಾಕಿಯಿತ್ತು. ಅದೂ ಬಂತು.

ಹಿಂದಿನ ಪುಂಡನ ಮುಖ ನೋಡೋಣವೆಂದು ಕಾರು ನಿಲ್ಲಿಸಿ ಬಂದ ಹುಡುಗಿ, ಜೀಪಿನಿಂದ ಕೆಮ್ಮುತ್ತಾ ಇಳಿದ ಇಬ್ಬರನ್ನು ಕಂಡು ಅಲ್ಲೇ ನಿಂತಳು. ಸಾಹೇಬರ ಬಿಳಿ ಶರ್ಟು ಇದ್ದಿಲಂಗಡಿಯಿಂದ ಬಂದ ಹಾಗಿತ್ತು.

"ಮೂರನೇ ಗೇರು, ಆಮೆ ಸ್ಪೀಡು, ಆದ್ರೂ ಎಂಜಿನ್ ಆಫ್ ಆಗ್ಲಿಲ್ಲ," ಎಂದರು ಸಾಹೇಬರು, ಮೀಸೆ ಒರೆಸಿಕೊಳ್ಳುತ್ತಾ. "ಯಾರಮ್ಮಾ ಕಲಿಸಿದ್ದು?"

ಹುಡುಗಿಗೆ ಹೋದ ಜೀವ ಬಂತು. "ನಮ್ಮ ಮೇಷ್ಟ್ರು ಸಾರ್. ನಂಗೊಬ್ಬಳಿಗೇ ಅಲ್ಲ, ನಮ್ಮ ಬ್ಯಾಚಲ್ಲಿ ಹನ್ನೊಂದು ಜನಕ್ಕೂ ಹೇಳ್ಕೊಟ್ಟಿದ್ದಾರೆ. ಆದ್ರೆ ಕರೆಕ್ಟಾಗಿ ಬರೋದು ನಂಗೊಬ್ಬಳಿಗೇ."

ಸಾಹೇಬರು ಅವಳ ಕಾಗದದ ಮೇಲೆ 'ಪಾಸ್' ಎಂದು ಬರೆದುಕೊಟ್ಟರು. ಇನ್ನೊಂದು ಕಾಗದದ ಮೇಲಿನ ಮಸಿಯನ್ನು ಊದಿ, ನಾಲ್ಕಾಗಿ ಮಡಚಿ, ಸಹಿ ಹಾಕದೆಯೇ ಮೇಷ್ಟ್ರ ಜೇಬಿಗೆ ತುರುಕಿದರು. "ಕಂಡೋರ ಮುಖಕ್ಕೆ ಹೊಗೆ ಬಿಡೋದೂ ಒಂದು ವಿದ್ಯೆಯೇನ್ರೀ? ಮೊದ್ಲು ಮನುಷ್ಯರಾಗಿ," ಎಂದು ತಾವೇ ಸ್ಟಿಯರಿಂಗ್ ಹಿಡಿದು ಜೀಪು ಹೊರಡಿಸಿದರು.

"ಸಾರ್, ಒಂದೇ ಒಂದು ಸಹಿ ಸಾರ್, ಹೊಟ್ಟೆ ಪಾಡು ಸಾರ್," ಎನ್ನುತ್ತಾ ಮೇಷ್ಟ್ರು ಜೀಪಿನ ಬಾಲ ಹಿಡಿದು ಓಡಿದರು. ಸಾಹೇಬರ ಕಣ್ಣು ಕನ್ನಡಿಯಲ್ಲಿ ಒಮ್ಮೆ ಕಂಡಿತು. ಬ್ರೇಕ್ ಲೈಟು ಮಿನುಗಿ, ಜೀಪಿನ ವೇಗ ಇಳಿಯಿತು. ಅಬ್ಬಾ, ಕರಗಿದರು ಎಂದು ಮೇಷ್ಟ್ರು ಇನ್ನಷ್ಟು ಹತ್ತಿರ ಹೋದರು. ಜೀಪು ಒಮ್ಮೆ ನರಳಿತು, ಅಷ್ಟೆ. ಕಪ್ಪು ಮೋಡದೊಳಗೆ ಮೇಷ್ಟ್ರು ಕಾಣದಾದರು.

ಹೊಗೆ ಕರಗುವವರೆಗೂ ಹುಡುಗಿ ಕಾದಳು. ಆಮೇಲೆ ಹತ್ತಿರ ಬಂದು ಕೇಳಿದಳು:

"ಎಂಜಿನ್ ಆಫೇ ಆಗ್ಲಿಲ್ಲ, ನೋಡಿದ್ರಾ? ಮೇಷ್ಟ್ರೇ, ಸಾಹೇಬ್ರೂ ನಮ್ಮ ಸ್ಕೂಲೇನಾ?"