ಕೊಕ್ಕೆಯಿಲ್ಲದ ಗಾಳ

"ಒಬ್ಬಳೇ ಹೆಂಗಸು, ಎರಡು ಗಾಳ!" ಕೀತ್ ದುರ್ಬೀನು ಇಳಿಸಿದ. "ಸಿಕ್ಕಿಬಿದ್ಲು, ಆರ್ವಿನ್."

ಆರ್ವಿನ್ ಟಾಲೆಫ್ಸನ್ ದೋಣಿಯ ವೇಗ ಹೆಚ್ಚಿಸಲಿಲ್ಲ. "ಅಲ್ಲಿಗೆ ಕೊನೇಲಿ ಹೋದ್ರಾಯ್ತು."

"ಅಲ್ಲೀವರೆಗೂ ಇರ್ತಾಳಾ?"

"ಇರ್ತಾಳೆ."

ಇಬ್ಬರೂ ಲೀಚ್ ಸರೋವರದಲ್ಲಿ ಮೀನುಗಾರಿಕೆಯ ನಿಯಮ ಕಾಯುವ ವಾರ್ಡನ್‌ಗಳು. ಆರ್ವಿನ್‌ಗೆ ಇದು ಇಪ್ಪತ್ತೆರಡನೆಯ ವಸಂತ. ಕೀತ್ ದಕ್ಷಿಣದ ಜೋಳದ ಸೀಮೆಯಿಂದ ವರ್ಗವಾಗಿ ಬಂದು ಹನ್ನೆರಡು ದಿನ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಕೀತ್‌ನದೂ ಅದೇ ಹುರುಪು. ವಾಲೈ ಮೀನಿನ ಹಂಗಾಮು ನಿನ್ನೆಯಷ್ಟೇ ಶುರುವಾಗಿತ್ತು. ಮಂಜುಗಡ್ಡೆ ಕರಗಿ ಹತ್ತೇ ದಿನ. ನೀರಿಗೆ ಬೆರಳಿಟ್ಟರೆ ಮೊಣಕೈವರೆಗೆ ಮರಗಟ್ಟುತ್ತಿತ್ತು. ಆರ್ವಿನ್‌ಗೆ ಅದು ಹೊಸದಲ್ಲ. ಒಳಗೂ ಏನೂ ಅನ್ನಿಸದೆ ಅವನಿಗೆ ಮೂರು ವರ್ಷವಾಗಿತ್ತು.

ಕೊನೆಗೆ ಅಲ್ಲಿಗೂ ಹೋದರು. ಹೆಂಗಸು ಕದಲಲಿಲ್ಲ. ಒಂದು ಕೋಲು ದೊಡ್ಡದು. ಇನ್ನೊಂದು ಮೊಳದುದ್ದದ್ದು, ಕೆಂಪು ಬೆಂಡಿನದು. ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಬಿಡುವ ಕೋಲು, ಮರೆತು ತಂದಿದ್ದಾಳೆ ಎಂದುಕೊಂಡ ಕೀತ್.

"ಕಾಫಿ?" ಎಂದಳು.

ಕೀತ್ ಬೇಡವೆಂದ. ಮತ್ತೆ ಕೇಳಿದಳು, ಮತ್ತೆ ಬೇಡವೆಂದ. ಮೂರನೆಯ ಸಲ ಒಪ್ಪಿಕೊಂಡ. ಮರ್ಯಾದಸ್ಥರು ಅದಕ್ಕೂ ಮೊದಲು ಒಪ್ಪುವುದಿಲ್ಲ. ಸಕ್ಕರೆ ಎಷ್ಟೆಂದು ಅವನನ್ನು ಕೇಳಿ ಹಾಕಿದಳು. ಆರ್ವಿನ್‌ನ ಲೋಟಕ್ಕೆ ಕೇಳದೆಯೇ ಎರಡು ಚಮಚ ಹಾಕಿದಳು.

"ಲೈಸೆನ್ಸ್ ತೋರ್ಸಿ, ಮೇಡಂ."

"ಇಲ್ಲ."

"ಒಬ್ಬರಿಗೆ ಒಂದೇ ಗಾಳ. ಗೊತ್ತಲ್ಲ?"

"ಗೊತ್ತು."

ಕೀತ್ ಫಾರಂ ತೆಗೆದ. ಆರ್ವಿನ್ ತಾನಾಗಿಯೇ ಹೇಳಿದ: "ಲೋರ್ನಾ ಹೌಗನ್. ದೋಣಿ ಅವಳ ಅಪ್ಪಂದು."

"ಪರಿಚಯಾನಾ?"

"ಸಣ್ಣ ಊರು. ಎಲ್ರಿಗೂ ಎಲ್ರೂ ಪರಿಚಯಾನೇ."

"ಹಂಗಾದ್ರೆ ಬೇಜಾರು ಮಾಡ್ಕೋಬೇಡಿ, ಮೇಡಂ. ಗಾಳ ಎರಡೂ ಜಪ್ತಿ."

ಲೋರ್ನಾಳ ಮುಖದಲ್ಲಿ ಆಗ ಮೊದಲ ಸಲ ಜೀವ ಕಂಡಿತು. ಚಿಕ್ಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ದೊಡ್ಡದು ತಗೊಂಡ್ಹೋಗಿ. ದೋಣೀನೂ ತಗೊಂಡ್ಹೋಗಿ. ಇದೊಂದು ಬಿಡಿ."

"ಹಾಗೆಲ್ಲ ಆಗಲ್ಲ."

"ಅದರ ದಾರ ಎಳೆದು ನೋಡು," ಎಂದ ಆರ್ವಿನ್. "ಕೊಕ್ಕೆ ಇಲ್ಲ."

ಕೀತ್ ಎಳೆದ. ಬೆಂಡು, ಸೀಸದ ಗುಂಡು. ಅಷ್ಟೇ.

"ಇದೇನು, ಮೇಡಂ? ಮೀನು ಹಿಡೀತೀರೋ, ಜೋಗುಳ ಹಾಡಿ ಮಲಗಿಸ್ತೀರೋ?" ಯಾರೂ ನಗಲಿಲ್ಲ. ಅವನು ಆರ್ವಿನ್ ಕಡೆ ತಿರುಗಿದ. "ನಿಮಗೆ ಹೇಗೆ ಗೊತ್ತಾಯ್ತು?"

ಆರ್ವಿನ್ ಕಾಫಿ ಕುಡಿದ. "ಕೊಕ್ಕೆ ಇಲ್ದಿದ್ರೆ ಅದು ಗಾಳ ಅಲ್ಲ. ಒಬ್ಬಳು, ಒಂದೇ ಗಾಳ. ಲೆಕ್ಕ ಸರಿಯಾಯ್ತು."

"ಲೈಸೆನ್ಸ್? ಅದಿಲ್ದಿದ್ರೆ ದೋಣಿಲಿರೋ ಕೋಲೆಲ್ಲಾ ಜಪ್ತಿ ಮಾಡ್ಬೇಕು." ಕೀತ್ ಕೆಟ್ಟವನಲ್ಲ; ನಿಯಮದ ಹಾಳೆಯನ್ನು ಮತ್ತೊಮ್ಮೆ ನೋಡಿದ. "ತಡೀರಿ, ಇವತ್ತು ಅಮ್ಮಂದಿರ ದಿನ. ಅಮ್ಮಂದಿರಿಗೆ ಲೈಸೆನ್ಸ್ ಬೇಕಿಲ್ಲ. ಮೇಡಂ, ಮಕ್ಕಳಿದಾರಾ?"

ಲೋರ್ನಾ ನೀರು ನೋಡಿದಳು.

"ಇಲ್ಲ."

ಕೀತ್‌ಗೆ ಒಳಗೊಳಗೇ ಮೆಚ್ಚುಗೆಯಾಯಿತು. ಒಂದೇ ಒಂದು ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದಳು. ಆದರೂ ಕಾನೂನು ಕಾನೂನೇ. ಚಿಕ್ಕ ಕೋಲಿಗೆ ಕೈಚಾಚಿದ.

"ಬಿಡು ಅದನ್ನ," ಎಂದ ಆರ್ವಿನ್. "ಅವಳು ತಾಯಿ."

"ಅವರೇ ಇಲ್ಲ ಅಂತಿದಾರಲ್ಲ! ಪುರಾವೆ ಅನ್ನೋ ಕಡೆ ಏನಂತ ಬರೀಲಿ?"

ಆರ್ವಿನ್ ಫಾರಂ ಇಸಿದುಕೊಂಡ. ಮರಗಟ್ಟಿದ ಬೆರಳಿನಿಂದ ಪೆನ್ನು ಎರಡು ಸಲ ಜಾರಿತು. ಬರೆದು, ಸಹಿ ಮಾಡಿ, ಕೀತ್‌ಗೆ ಕೊಟ್ಟು ಎಂಜಿನ್ ಶುರುಮಾಡಿದ. ಕೀತ್ ಓದಿದ:

"ಮಗ ನೀಲ್ಸ್, ನಾಲ್ಕು ವರ್ಷ. ತೀರಿಕೊಂಡು ಮೂರು ವರ್ಷ. ಸಾಕ್ಷಿ: ತಂದೆ, ಆರ್ವಿನ್ ಟಾಲೆಫ್ಸನ್."